ಬಿಡುವ ಅಧಿಕಾರ ಯಾರದು?

ಅಧ್ಯಕ್ಷರೇ, ಸಿಸ್ಟರ್‌ಗಳೇ, ಬ್ರದರ್‌ಗಳೇ, ನೈಟ್ ಡ್ಯೂಟಿ ಮುಗಿಸಿ ನೇರ ಇಲ್ಲಿಗೇ ಬಂದು ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿರುವವರೇ, ಎಲ್ಲರಿಗೂ ನಮಸ್ಕಾರ. ತೂಕಡಿಸುವವರನ್ನು ಯಾರೂ ಎಬ್ಬಿಸಬೇಡಿ.

ಸಂಶೋಧನೆ ವಾರ್ಡಿಗೆ ಯಾಕೆ ಬರುವುದಿಲ್ಲ ಎಂದರೆ ಸಿದ್ಧ ಉತ್ತರವೊಂದಿದೆ: ನರ್ಸ್‌ಗಳು ಓದುವುದಿಲ್ಲ. ಸರಿ, ಓದಿದವಳೊಬ್ಬಳ ಕಥೆ ಹೇಳುತ್ತೇನೆ. ಆಗ ಕಾಲೇಜಿನಲ್ಲಿ ನನ್ನ ಪಾಠವೂ ಇತ್ತು, ಸರ್ಜಿಕಲ್ ವಾರ್ಡೂ ಇತ್ತು. ಆರೋಗ್ಯವಾಗಿರುವವರಿಗೆ, ಮೊದಲೇ ಗೊತ್ತುಮಾಡಿದ ಆಪರೇಷನ್ನಿಗೆ ಎರಡು ಗಂಟೆ ಮುಂಚಿನವರೆಗೂ ತಿಳಿನೀರು ಕೊಡಬಹುದು ಎಂದು ಅಮೆರಿಕದ ಅರಿವಳಿಕೆ ತಜ್ಞರ ಸಂಘ 1999ರಲ್ಲೇ ಹೇಳಿದೆ. ಅದನ್ನು ಸೋಮವಾರ ಪಾಠ ಮಾಡಿದೆ. ಮಂಗಳವಾರ ಹರ್ನಿಯಾದ ಅಜ್ಜಿಯೊಬ್ಬರಿದ್ದರು. ರಾತ್ರಿ ಹನ್ನೆರಡರಿಂದ ಎನ್‌ಪಿಒ, ಅಂದರೆ ಬಾಯಿಗೆ ಏನೂ ಕೊಡುವಂತಿಲ್ಲ. ಒಂಬತ್ತಕ್ಕಿದ್ದ ಕೇಸು ಹನ್ನೊಂದಕ್ಕೆ ಹೋಯಿತು, ಆಮೇಲೆ ಎರಡಕ್ಕೆ. "ಒಂದು ಗುಟುಕು ನೀರು ಕೊಡು ಮಗಾ" ಎಂದರು. ನಾನು ಹತ್ತಿಯನ್ನು ಒದ್ದೆ ಮಾಡಿ ತುಟಿಗೆ ಒತ್ತಿದೆ. ಅವರು ನನ್ನ ಕೈ ಹಿಡಿದು ಆ ಹತ್ತಿಯನ್ನೇ ಚೀಪಿದರು.

ನಾನು ಓದಿರಲಿಲ್ಲವೇ? ಹಿಂದಿನ ದಿನ ಬೋರ್ಡಿನ ಮೇಲೆ ಬರೆದಿದ್ದೆನಲ್ಲ!

ಸರ್ಜನ್ನರನ್ನು ಕೇಳಿದೆ, "ಅದು ಅನಸ್ತೇಸಿಯಾದವರ ವಿಷಯ" ಎಂದರು. ಅನಸ್ತೇಸಿಯಾದವರು ಸಿಕ್ಕಿದ್ದು ಮರುದಿನ. "ನೀರು ಬೇಡ ಅಂತ ನಾನೆಲ್ಲಿ ಹೇಳಿದೆ ಸಿಸ್ಟರ್? ವಾರ್ಡಿನ ಪದ್ಧತಿ ಅಂದ್ಕೊಂಡಿದ್ದೆ" ಎಂದರು. ನೋಡಿ, ಯಾರೂ ಹೊರಡಿಸದ ಆಜ್ಞೆಯನ್ನು ನಾವೆಲ್ಲ ಸೇರಿ ಪಾಲಿಸುತ್ತಿದ್ದೆವು. ಕೊಟ್ಟು ಏನಾದರೂ ಆದರೆ ಮೆಮೊ ನನಗೆ. ಕೊಡದೆ ಅಜ್ಜಿ ಒಣಗಿದರೆ ಯಾರಿಗೂ ಮೆಮೊ ಇಲ್ಲ.

ನನ್ನ ತಕರಾರು ಇಷ್ಟೇ. ಹೊಸ ಕೆಲಸ ಸೇರಿಸಲು ಎಲ್ಲರಿಗೂ ಅಧಿಕಾರವಿದೆ, ಹಳೆಯದನ್ನು ಬಿಡಲು ಯಾರಿಗಿದೆ? ಸುತ್ತೋಲೆ ಬಂದಾಗಲೆಲ್ಲ ಒಂದು ರಿಜಿಸ್ಟರ್ ಹುಟ್ಟುತ್ತದೆ. ರಿಜಿಸ್ಟರ್ ಸತ್ತದ್ದನ್ನು ನಾನಂತೂ ಕಂಡಿಲ್ಲ.

ಐವಿ ಕ್ಯಾನುಲಾ, ಅಂದರೆ ಔಷಧಿ, ಡ್ರಿಪ್ ಕೊಡಲು ರಕ್ತನಾಳದಲ್ಲಿ ಇಡುವ ಸಣ್ಣ ನಳಿಕೆಯ ವಿಷಯ ತೆಗೆದುಕೊಳ್ಳಿ. ಮೂರು ದಿನವಾಯಿತು, ಕಿತ್ತು ಬೇರೆ ಕಡೆ ಹಾಕು. 2012ರಲ್ಲಿ ಆಸ್ಟ್ರೇಲಿಯಾದಲ್ಲಿ 3,283 ರೋಗಿಗಳ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ಗಡುವಿಗೆ ಸರಿಯಾಗಿ ಬದಲಿಸಿದವರಲ್ಲೂ ಅಗತ್ಯ ಬಿದ್ದಾಗ ಮಾತ್ರ ಬದಲಿಸಿದವರಲ್ಲೂ ರಕ್ತನಾಳದ ಉರಿಯೂತ ಶೇ. 7. ಅಂದರೆ ದಿನಾ ಆ ಜಾಗವನ್ನು ನೋಡಬೇಕು. ಕೆಂಪಾದರೆ, ಊದಿದರೆ, ನೋವಿದ್ದರೆ ತೆಗೆಯಬೇಕು. ರೋಗಿಗೆ ಚುಚ್ಚುವುದು ಕಡಿಮೆ, ನಮಗೂ ಕೆಲಸ ಕಡಿಮೆ. ಇಂಥದ್ದಾದರೂ ವಾರ್ಡಿಗೆ ಓಡಿ ಬರಬೇಕಿತ್ತಲ್ಲ? "ಬದಲಿಸಿದ ದಿನಾಂಕ" ಎಂಬ ಕಾಲಂ ಖಾಲಿ ಬಿಟ್ಟರೆ ಇನ್‌ಸ್ಪೆಕ್ಷನ್‌ನವರು ಕೇಳುತ್ತಾರೆ. ಹಾಗಾಗಿ ಕಾಲಂ ತುಂಬಲು ನಾವು ಕೈ ಚುಚ್ಚುತ್ತೇವೆ.

ಇನ್ನು ಆಪರೇಷನ್ನಿಗೆ ಮುಂಚೆ ಬ್ಲೇಡಿನಲ್ಲಿ ಕೂದಲು ಬೋಳಿಸುವ ವಿಚಾರ... ಚೀಟಿ ಬಂತು. ಐದು ನಿಮಿಷವಂತೆ. ಬೋಳಿಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೇಳಿದೆ, ತೆಗೆಯಲೇಬೇಕಿದ್ದರೆ ಕ್ಲಿಪ್ಪರ್. ಅಷ್ಟು ಸಾಕು. ಮೂಗಿನಿಂದ ಹಾಕಿದ ಟ್ಯೂಬು ಹೊಟ್ಟೆ ತಲುಪಿದೆಯೇ ಎಂದು ತಿಳಿಯಲು ಗಾಳಿ ಊದಿ ಸ್ಟೆತಾಸ್ಕೋಪಿನಲ್ಲಿ ಕೇಳುವುದರ ಬಗ್ಗೆಯೂ ಬರೆದುಕೊಂಡು ಬಂದಿದ್ದೆ. ಆ ಶಬ್ದವನ್ನು ನಂಬಬೇಡಿ ಎಂದಷ್ಟೇ ಹೇಳಿ ಮುಂದಕ್ಕೆ ಹೋಗುತ್ತೇನೆ.

ಒಂದು ಸಂಶೋಧನೆ ಮಾತ್ರ ಎಲ್ಲ ನರ್ಸ್‌ಗಳಿಗೂ ಬಾಯಿಪಾಠ. 2002ರಲ್ಲಿ ಲಿಂಡಾ ಐಕನ್ ಮತ್ತು ಸಂಗಡಿಗರದು: ಒಬ್ಬ ನರ್ಸಿನ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೆ, ಆಪರೇಷನ್ ಆದವರು ಮೂವತ್ತು ದಿನದೊಳಗೆ ಸಾಯುವ ಸಂಭವ ಸುಮಾರು ಶೇ. 7 ಏರುತ್ತದೆ. ಇದನ್ನು ಜಾರಿಗೆ ತರಬೇಕಾದವರು ವಾರ್ಡಿನಲ್ಲಿಲ್ಲ. ಅವರು ಓದುವುದಿಲ್ಲ ಎಂದು ಯಾರೂ ಭಾಷಣ ಮಾಡುವುದಿಲ್ಲ.

ಅಜ್ಜಿಯ ಕಥೆಯಲ್ಲಿ ಒಂದು ಮಾತು ಉಳಿಯಿತು. ನೀರು ಬೇಡ ಎಂದು ತಾವು ಹೇಳಿಲ್ಲ ಎಂಬುದನ್ನೇ ಅನಸ್ತೇಸಿಯಾದವರ ಹತ್ತಿರ ಬರವಣಿಗೆಯಲ್ಲಿ ತೆಗೆದುಕೊಂಡೆ, ಸಹಿ ಹಾಕಿಸಿದೆ. ಡ್ಯೂಟಿ ರೂಮಿನ ಗೋಡೆಯಲ್ಲಿದ್ದ "ರಾತ್ರಿ 12ರ ನಂತರ ಏನೂ ಕೊಡಬಾರದು" ಎಂಬ ಹಳೆಯ ರಟ್ಟನ್ನು ಕೀಳಲು ಸ್ಟೂಲ್ ಹತ್ತಿದೆ. ಹತ್ತಿರದಿಂದ ನೋಡಿದರೆ ಅಕ್ಷರ ನನ್ನದೇ.