ಮೊದಲು ಗಂಟೆ, ಆಮೇಲೆ ವಿಮಾನ

ಕೇಳುಗರೆಲ್ಲರಿಗೂ ನಮಸ್ಕಾರ.

ಖಾಸಗಿ ಪೈಲಟ್ ಪರವಾನಗಿ, ಅಂದರೆ ಪಿಪಿಎಲ್, ಹೊಸದಾಗಿ ಪಡೆದ ಹುಡುಗ ಹುಡುಗಿಯರು ಮತ್ತು ಅವರಿಗಿಂತ ಹೆಚ್ಚಾಗಿ ಅವರ ತಂದೆ ತಾಯಂದಿರು ನನ್ನನ್ನು ಕೇಳುವ ಪ್ರಶ್ನೆ ಒಂದೇ. ‘ಒಂದು ಸಣ್ಣ ವಿಮಾನ ಕೊಂಡುಬಿಡೋಣವೇ, ಇಲ್ಲ ಬಾಡಿಗೆ ವಿಮಾನದಲ್ಲೇ ಹಾರಲಿ ಎಂದು ಬಿಡೋಣವೇ?’ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಬಾಡಿಗೆಗೆ ತೆಗೆದುಕೊಳ್ಳಿ. ವರ್ಷಕ್ಕೆ ನೂರು ಗಂಟೆ ಹಾರುವ ತನಕ ಕೊಳ್ಳುವ ಮಾತನ್ನೇ ಎತ್ತಬೇಡಿ. ಮೊದಲು ಗಂಟೆ, ಆಮೇಲೆ ವಿಮಾನ. ಇಂದು ನಾನು ಹೇಳಬೇಕಾದದ್ದು ಇಷ್ಟೇ. ಉಳಿದದ್ದೆಲ್ಲ ಇದು ಏಕೆ ಎಂಬುದರ ವಿವರಣೆ.

ಸಾಂಬ್ರಾ, ಮಾರಿಹಾಳ, ಹೊನ್ನಿಹಾಳ, ಸುಳೇಭಾವಿ ಕಡೆಯವರಿಗೆ ತರಬೇತಿ ವಿಮಾನದ ಸದ್ದು ಈಗ ಹೊಸದಲ್ಲ. ಎರಡನೇ ಮಹಾಯುದ್ಧದ ಕಾಲಕ್ಕೆ, 1942ರಲ್ಲಿ ಕಟ್ಟಿದ ನಿಲ್ದಾಣ ಸಾಂಬ್ರಾದ ನಮ್ಮ ಬೆಳಗಾವಿ ವಿಮಾನ ನಿಲ್ದಾಣ. 2021ರಲ್ಲಿ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರವು ಹಾರಾಟ ತರಬೇತಿ ಅಕಾಡೆಮಿಗಳಿಗೆ ಜಾಗ ಕೊಟ್ಟ ಐದು ನಿಲ್ದಾಣಗಳಲ್ಲಿ ಕಲಬುರಗಿಯ ಜೊತೆಗೆ ಬೆಳಗಾವಿಯೂ ಇತ್ತು. ನಮ್ಮ ಭಾಗದ ಮಕ್ಕಳು ಪೈಲಟ್ ಆಗುತ್ತೇನೆ ಎಂದು ಮನೆಯಲ್ಲಿ ಧೈರ್ಯವಾಗಿ ಹೇಳುತ್ತಿದ್ದಾರೆ. ವಿಮಾನ ನಿರ್ವಹಣೆಯ ಎಂಜಿನಿಯರ್ ಆಗಿ ಬದುಕು ಕಳೆದ ನನಗೆ ಇದಕ್ಕಿಂತ ಸಂತೋಷ ಬೇರೆ ಇಲ್ಲ. ಆ ಸಂತೋಷವನ್ನು ಅವಸರದ ಖರೀದಿಯೊಂದು ಹಾಳು ಮಾಡಬಾರದು ಎಂದೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಪಿಪಿಎಲ್‌ಗೆ 17 ವರ್ಷ ತುಂಬಿರಬೇಕು, ವೈದ್ಯಕೀಯ ಪರೀಕ್ಷೆ ಪಾಸಾಗಬೇಕು, 40 ಗಂಟೆ ಹಾರಿರಬೇಕು. ನಲವತ್ತು ಗಂಟೆ ಎಂದರೆ ಎಷ್ಟು ಕಡಿಮೆ ಎಂದು ಪರವಾನಗಿ ಕೈಗೆ ಬಂದ ವಾರ ಯಾರಿಗೂ ಅನ್ನಿಸುವುದಿಲ್ಲ. ಆ ವಾರವೇ ಕೊಳ್ಳುವ ಆಸೆ ಹುಟ್ಟುವುದು. ನಿಮಗೆ ಎರಡು ಸೀಟು ಸಾಕೋ ನಾಲ್ಕು ಬೇಕೋ, ಊರ ಸುತ್ತ ಹಾರುವವರೋ ಹೈದರಾಬಾದಿನವರೆಗೆ ಹೋಗುವವರೋ, ಇದೊಂದೂ ಆಗ ನಿಮಗೆ ಗೊತ್ತಿರುವುದಿಲ್ಲ. ಹಾರಿದ ಮೇಲೆಯೇ ಗೊತ್ತಾಗುವುದು.

ಲೆಕ್ಕ ನೋಡೋಣ. ವಿಮಾನಕ್ಕೆ ಎರಡು ಬಗೆಯ ಖರ್ಚು. ಹಾರಿದರೆ ಬರುವ ಖರ್ಚು ಒಂದು, ಹಾರದಿದ್ದರೂ ಬರುವ ಖರ್ಚು ಇನ್ನೊಂದು. ಹ್ಯಾಂಗರ್ ಬಾಡಿಗೆ, ವಿಮೆ, ವರ್ಷದ ತಪಾಸಣೆ, ವಿಮಾನ ಹಾರಲು ಯೋಗ್ಯ ಎಂಬ ಪ್ರಮಾಣಪತ್ರದ ಪರಿಶೀಲನೆ, ಅದಕ್ಕೆ ಸಹಿ ಹಾಕುವ ಎಂಜಿನಿಯರ್‌ನ ಸಂಭಾವನೆ, ಇವು ವಿಮಾನ ಅಲುಗಾಡದೆ ನಿಂತರೂ ಬರುತ್ತವೆ. ಸುಲಭಕ್ಕಾಗಿ ಇದನ್ನು ವರ್ಷಕ್ಕೆ ಹತ್ತು ಲಕ್ಷ ಎಂದು ಹಿಡಿಯಿರಿ. ನೀವು ವರ್ಷಕ್ಕೆ 200 ಗಂಟೆ ಹಾರಿದರೆ ಗಂಟೆಗೆ ಐದು ಸಾವಿರ ಬಿತ್ತು. 40 ಗಂಟೆ ಹಾರಿದರೆ ಇಪ್ಪತ್ತೈದು ಸಾವಿರ. ಇಂಧನದ ಮಾತು ಇನ್ನೂ ಬಂದಿಲ್ಲ. ಸೆಸ್ನಾ 172ರಂತಹ ಸಣ್ಣ ವಿಮಾನ ಗಂಟೆಗೆ ಮೂವತ್ತು ಲೀಟರ್ ಮೀರಿ ಕುಡಿಯುತ್ತದೆ, ಅದೂ ಏವಿಗ್ಯಾಸ್ ಎಂಬ ವಿಶೇಷ ಪೆಟ್ರೋಲ್. ದೊಡ್ಡ ವಿಮಾನಗಳ ಇಂಧನ ಇದಕ್ಕೆ ನಡೆಯುವುದಿಲ್ಲ. 2022ರಲ್ಲಿ ಇಂಡಿಯನ್ ಆಯಿಲ್ ತನ್ನ ಗುಜರಾತ್ ರಿಫೈನರಿಯಲ್ಲಿ ತಯಾರಿಸಿ ಬಿಡುಗಡೆ ಮಾಡುವವರೆಗೆ ಏವಿಗ್ಯಾಸ್ ಹೊರದೇಶದಿಂದಲೇ ಬರುತ್ತಿತ್ತು. ಇವತ್ತಿಗೂ ಎಲ್ಲ ನಿಲ್ದಾಣಗಳಲ್ಲಿ ಸಿಗುವುದಿಲ್ಲ.

ಬಾಡಿಗೆಯಲ್ಲಿ ನೀವು ಕೊಡುವುದು ಎಂಜಿನ್ ಓಡಿದ ಹೊತ್ತಿಗೆ ಮಾತ್ರ. ಮೀಟರ್ ನಿಂತಿತು, ನಿಮ್ಮ ಖರ್ಚೂ ನಿಂತಿತು.

ಇಷ್ಟು ಹೇಳಿದರೂ ಕೆಲವರು ತಲೆಯಾಡಿಸಿ, ಮರುದಿನ ಯಾವುದೋ ಜಾಹೀರಾತು ಹಿಡಿದು ಬರುತ್ತಾರೆ. ಅವರಿಗಾಗಿ ಒಂದು ಪ್ರಸಂಗ ಹೇಳಬೇಕು.

ವಿಜಯಪುರ ಜಿಲ್ಲೆ, ತಿಕೋಟಾ ಭಾಗದ ದ್ರಾಕ್ಷಿ ಬೆಳೆಗಾರರ ಮನೆ. ಒಣದ್ರಾಕ್ಷಿ ಮಾಡಿ ತಾಸಗಾಂವ ಪೇಟೆಗೆ ಕಳಿಸುವವರು. ಮಗ ಪಿಪಿಎಲ್ ಮುಗಿಸಿ ಬಂದಿದ್ದ. ಹೊರರಾಜ್ಯದಲ್ಲಿ ಒಂದು ಹಳೆಯ ಸೆಸ್ನಾ 172 ಮಾರಾಟಕ್ಕಿದೆ ಎಂದು ಯಾರೋ ಸುದ್ದಿ ಕೊಟ್ಟಿದ್ದರು. ಹುಡುಗ ನನ್ನ ಬಳಿ ಬಂದು, ‘ಕಾಕಾ, ಎಂಜಿನ್ ಪೂರ್ತಿ ಬಿಚ್ಚಿ ಓವರ್‌ಹಾಲ್ ಮಾಡಿಸಿದ ಮೇಲೆ ಬರೀ 600 ಗಂಟೆ ಓಡಿದೆ. ಮತ್ತೆ ಓವರ್‌ಹಾಲ್ ಮಾಡಿಸುವವರೆಗಿನ ಅವಧಿ 2,000 ಗಂಟೆ. ಇನ್ನೂ 1,400 ಗಂಟೆ ನಮಗೆ ಉಳಿಯುತ್ತದೆ’ ಎಂದ. ಕಣ್ಣಲ್ಲಿ ಆ ವಿಮಾನ ಆಗಲೇ ಹಾರುತ್ತಿತ್ತು. ತಂದೆ ಪಕ್ಕದಲ್ಲಿ ಸುಮ್ಮನೆ ಕುಳಿತಿದ್ದರು. ಕೊನೆಗೆ ಒಂದೇ ಮಾತು ಕೇಳಿದರು. ‘ಇಷ್ಟು ಕಡಿಮೆ ಓಡಿದ್ದು ಏಕೆ?’

ನಾನು ಕೇಳಬೇಕಾದ ಪ್ರಶ್ನೆಯನ್ನು ಅವರು ಕೇಳಿದ್ದರು. ಮೂವರೂ ಹೊರಟೆವು.

ವಿಮಾನ ಹೊರನೋಟಕ್ಕೆ ಚೆನ್ನಾಗಿತ್ತು. ಹೊಸ ಬಣ್ಣ, ಒರೆಸಿದ ಗಾಜು, ಸೀಟಿಗೆ ಹೊಸ ಹೊದಿಕೆ. ಹುಡುಗ ಒಳಗೆ ಹತ್ತಿ ಕುಳಿತವನು ಇಳಿಯಲೇ ಇಲ್ಲ. ನಾನು ಲಾಗ್ ಬುಕ್, ಅಂದರೆ ವಿಮಾನದ ದಾಖಲೆ ಪುಸ್ತಕ, ತೆಗೆದೆ. ಮೊದಲ ಪುಟಗಳಲ್ಲಿ ವಾರಕ್ಕೆ ಮೂರು ನಾಲ್ಕು ಹಾರಾಟ. ನಂತರ ತಿಂಗಳಿಗೊಂದು. ಆಮೇಲೆ ವರ್ಷಗಟ್ಟಲೆ ಬರೀ ‘ನೆಲದ ಮೇಲೆ ಎಂಜಿನ್ ಚಾಲನೆ’ ಎಂಬ ನಮೂದು. ಮಾರುವವರು ಅದನ್ನೇ ಹೆಮ್ಮೆಯಿಂದ ತೋರಿಸಿದರು. ‘ನಿಂತಿದ್ದರೂ ಬಿಟ್ಟಿಲ್ಲ ಸರ್, ಆಗಾಗ ಸ್ಟಾರ್ಟ್ ಮಾಡಿ ಇಟ್ಟಿದ್ದೇವೆ.’

ಇಲ್ಲಿ ದಯವಿಟ್ಟು ಗಮನ ಕೊಡಿ. ಈ ಬಗೆಯ ಲೈಕಮಿಂಗ್ ಎಂಜಿನ್‌ಗಳಲ್ಲಿ ಕ್ಯಾಮ್ ಶಾಫ್ಟ್, ಅಂದರೆ ಕವಾಟಗಳನ್ನು ತೆರೆಯುವ ಉಬ್ಬುಗಳಿರುವ ದಂಡ, ಇರುವುದು ಮೇಲ್ಭಾಗದಲ್ಲಿ, ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್ ಶಾಫ್ಟಿಗಿಂತ ಮೇಲೆ. ಎಂಜಿನ್ ನಿಂತ ಮೇಲೆ ಎಣ್ಣೆ ನಿಧಾನವಾಗಿ ಕೆಳಗಿಳಿಯುತ್ತದೆ. ಕ್ಯಾಮ್‌ನ ಉಕ್ಕು ಬರಿದಾಗಿ ಉಳಿಯುತ್ತದೆ. ತೇವದ ಗಾಳಿ ತಾಗಿದರೆ ತುಕ್ಕು. ನೆಲದ ಮೇಲೆ ಹತ್ತು ನಿಮಿಷ ಓಡಿಸಿದರೆ ಇದು ಸರಿಹೋಗುವುದಿಲ್ಲ, ಇನ್ನೂ ಕೆಡುತ್ತದೆ. ಇಂಧನ ಉರಿದಾಗ ನೀರಿನ ಆವಿ ಹುಟ್ಟುತ್ತದೆ. ಎಣ್ಣೆ ಚೆನ್ನಾಗಿ ಕಾದು ಅರ್ಧ ಗಂಟೆಯಾದರೂ ಹಾರಿದರೆ ಮಾತ್ರ ಆ ನೀರು ಆರಿ ಹೊರಹೋಗುತ್ತದೆ. ಇಲ್ಲವಾದರೆ ಒಳಗೇ ಉಳಿದು ಲೋಹವನ್ನು ತಿನ್ನುತ್ತದೆ.

ಆಯಿಲ್ ಫಿಲ್ಟರ್ ಕಳಚಿ, ಡಬ್ಬಿಯನ್ನು ಕತ್ತರಿಸಿ, ಒಳಗಿನ ಮಡಿಕೆಗಳನ್ನು ಬಿಳಿ ಬಟ್ಟೆಯ ಮೇಲೆ ಬಿಡಿಸಿಟ್ಟೆ. ಬಿಸಿಲಿಗೆ ಹಿಡಿದರೆ ಸಣ್ಣಗೆ ಮಿನುಗು. ಅಯಸ್ಕಾಂತ ಹತ್ತಿರ ತಂದೆ. ಕಣಗಳು ಎದ್ದು ಅದಕ್ಕೆ ಅಂಟಿಕೊಂಡವು. ಅಲ್ಯೂಮಿನಿಯಂ ಅಂಟುವುದಿಲ್ಲ. ಅಂಟಿದ್ದು ಉಕ್ಕು. ಒಂದು ಸಿಲಿಂಡರ್ ಬಿಚ್ಚಿ ನೋಡಬೇಕು ಎಂದೆ. ಮಾರುವವರು ಮುಖ ಸಿಂಡರಿಸಿದರು. ತಂದೆ ಮಾತ್ರ, ‘ಹಣ ಕೊಡುವವರು ನಾವು. ಬಿಚ್ಚಿ ತೋರಿಸಿ’ ಎಂದು ಪಟ್ಟು ಹಿಡಿದರು. ಬಿಚ್ಚಿದರು. ಸಿಲಿಂಡರ್ ಇದ್ದ ಜಾಗದಿಂದ ಟಾರ್ಚ್ ಹಾಕಿದರೆ ಕ್ಯಾಮ್ ಕಾಣಿಸುತ್ತದೆ. ಹುಡುಗನನ್ನು ಕರೆದು, ‘ತಮ್ಮಾ, ಇಲ್ಲಿ ಕೈ ಹಾಕಿ ಆ ಉಬ್ಬಿದ ಭಾಗದ ಮೇಲೆ ಉಗುರು ಎಳೆದು ನೋಡು’ ಎಂದೆ. ಕನ್ನಡಿಯಂತಿರಬೇಕಾದ ಮೇಲ್ಮೈ. ಅವನ ಉಗುರು ಮೂರು ಕಡೆ ಸಿಕ್ಕಿಕೊಂಡಿತು. ಮುಖ ಸಣ್ಣದಾಯಿತು. 1,400 ಗಂಟೆಯ ಲೆಕ್ಕ ಅಲ್ಲಿಗೆ ಮುಗಿಯಿತು. ಎಂಜಿನ್ ಪೂರ್ತಿ ಬಿಚ್ಚಿ ಓವರ್‌ಹಾಲ್ ಮಾಡಿಸಬೇಕು, ಅಂದರೆ ಹತ್ತಾರು ಲಕ್ಷ.

ಬರುವ ದಾರಿಯಲ್ಲೂ ಹುಡುಗ ಬಿಡಲಿಲ್ಲ. ‘ನಮ್ಮ ಬೆಳಗಾವಿಯ ಉದ್ಯಮಬಾಗದಲ್ಲಿ ಎಂತೆಂಥ ಲೇತ್‌ಗಳಿವೆ, ಹತ್ತರಗಿಯಲ್ಲಿ ವಿಮಾನದ ಬಿಡಿಭಾಗಗಳೇ ತಯಾರಾಗುತ್ತವೆ. ಬೇಕಾದ್ದನ್ನು ಇಲ್ಲೇ ಮಾಡಿಸಿದರಾಯಿತಲ್ಲ ಕಾಕಾ?’ ಎಂದ. ಉದ್ಯಮಬಾಗದ ಕೆಲಸಗಾರರ ಕೈಚಳಕದ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಪ್ರಮಾಣಪತ್ರವಿಲ್ಲದ ಒಂದು ಬೋಲ್ಟನ್ನು ಕೂಡ ಇಂತಹ ವಿಮಾನಕ್ಕೆ ಹಾಕುವಂತಿಲ್ಲ. ಎಲ್ಲಿ ತಯಾರಾಯಿತು, ಯಾರು ಪರೀಕ್ಷಿಸಿದರು ಎಂಬ ಕಾಗದ ಬಿಡಿಭಾಗದ ಜೊತೆಗೇ ಬರಬೇಕು. ಕಾಗದವಿರುವ ಬಿಡಿಭಾಗ ಹೊರದೇಶದಿಂದ ಬರುತ್ತದೆ, ತಡವಾಗಿ ಬರುತ್ತದೆ, ಅಷ್ಟು ದಿನ ವಿಮಾನ ನಿಂತಿರುತ್ತದೆ. ನಿಂತರೆ ಏನಾಗುತ್ತದೆ ಎಂದು ಅವನು ಅಂದೇ ಬೆರಳು ಮುಟ್ಟಿಸಿ ನೋಡಿದ್ದ.

ಅಥಣಿ ದಾಟುವ ಹೊತ್ತಿಗೆ ತಂದೆ ಬಾಯಿ ಬಿಟ್ಟರು. ‘ತೊಗರಿ ರಾಶಿಗೆ ನಾವು ಯಂತ್ರ ಬಾಡಿಗೆಗೆ ಕರೆಸುತ್ತೇವೆ. ನಾಲ್ಕು ದಿನದ ಕೆಲಸಕ್ಕೆ ಯಂತ್ರ ಕೊಂಡು ವರ್ಷವಿಡೀ ಯಾರು ನಿಲ್ಲಿಸಿಕೊಳ್ಳುತ್ತಾರೆ?’ ಮಗ ಆಮೇಲೆ ಮಾತನಾಡಲಿಲ್ಲ. ಒಂದು ಹಾರಾಟ ಕ್ಲಬ್ಬಿನ ಸದಸ್ಯನಾದ. ಅಲ್ಲಿಯ ಬೋಧಕರ ಜೊತೆ ಪರಿಶೀಲನಾ ಹಾರಾಟ ಮುಗಿಸಿ, ಗಂಟೆಯ ಲೆಕ್ಕದಲ್ಲಿ ವಿಮಾನ ತೆಗೆದುಕೊಂಡು ಹಾರತೊಡಗಿದ. ನಾಲ್ಕು ಸೀಟೇ ಬೇಕು ಎನ್ನುತ್ತಿದ್ದವನಿಗೆ ಒಂದು ವರ್ಷದಲ್ಲಿ ತಿಳಿದದ್ದೇನೆಂದರೆ, ತಾನು ಹೆಚ್ಚಾಗಿ ಹಾರುವುದು ಒಬ್ಬನೇ, ಇಲ್ಲವೇ ಒಬ್ಬ ಗೆಳೆಯನ ಜೊತೆ.

ಈ ಪ್ರಸಂಗಕ್ಕೇ ಬಹಳ ಹೊತ್ತು ಹೋಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ.

ನಮ್ಮ ಮಳೆ. ಬೆಳಗಾವಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಎಷ್ಟು ಕೆಳಗಿರುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಹೊಸ ಪೈಲಟ್ ಕಣ್ಣಿಗೆ ಕಾಣುವಷ್ಟರಲ್ಲಿ, ಹಗಲಿನಲ್ಲಿ ಮಾತ್ರ ಹಾರಬಹುದು. ಹೀಗಾಗಿ ಗಾಳಿಯಲ್ಲಿ ತೇವ ತುಂಬಿದ ತಿಂಗಳುಗಳಲ್ಲೇ ನಿಮ್ಮ ವಿಮಾನ ಹ್ಯಾಂಗರ್‌ನಲ್ಲಿ ನಿಲ್ಲುತ್ತದೆ. ತರಬೇತಿ ಸಂಸ್ಥೆಯ ವಿಮಾನ ಹಾಗಲ್ಲ, ಬಿಸಿಲು ಬಿದ್ದ ಪ್ರತಿ ಗಂಟೆಯೂ ಯಾರಾದರೊಬ್ಬರು ಅದನ್ನು ಹಾರಿಸುತ್ತಲೇ ಇರುತ್ತಾರೆ. ಬಾಡಿಗೆ ವಿಮಾನ ಸವೆದಿರುತ್ತದೆ, ಸೀಟು ಹರಿದಿರುತ್ತದೆ ಎಂದು ಮೂಗು ಮುರಿಯುವವರಿಗೆ ನನ್ನ ಮಾತು ಇಷ್ಟೇ. ಸೀಟು ನೋಡಬೇಡಿ. ದಿನವೂ ಹಾರುವ ಎಂಜಿನ್‌ನ ಆರೋಗ್ಯವೇ ಬೇರೆ.

ನಮ್ಮ ಬಿಸಿಲು. ಸಾಂಬ್ರಾ ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಎತ್ತರದಲ್ಲಿದೆ. ಏಪ್ರಿಲ್ ಮಧ್ಯಾಹ್ನ 37 ಡಿಗ್ರಿ ಇದ್ದರೆ ಗಾಳಿ ತೆಳುವಾಗಿ, ವಿಮಾನದ ಪಾಲಿಗೆ ಅದು ಐದೂವರೆ ಸಾವಿರ ಅಡಿಗೂ ಹೆಚ್ಚಿನ ಎತ್ತರ. ಸೆಸ್ನಾ 172ರಲ್ಲಿ ನಾಲ್ಕು ಸೀಟಿದೆ ನಿಜ. ಟ್ಯಾಂಕ್ ತುಂಬಿಸಿ ನಾಲ್ವರು ದೊಡ್ಡವರು ಕುಳಿತರೆ ಅನುಮತಿಸಿದ ತೂಕ ಮೀರುತ್ತದೆ. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಗೋವೆಗೆ ಹೋಗುತ್ತೇನೆ ಎಂದು ಕೊಳ್ಳಲು ಹೊರಟವರು ಮೊದಲು ಬಾಡಿಗೆ ವಿಮಾನದಲ್ಲಿ ತೂಕದ ಲೆಕ್ಕ ಹಾಕಿ ನೋಡಲಿ.

‘ಸ್ವಂತದ್ದಾದರೆ ಮನಸ್ಸು ಬಂದಾಗ ಹಾರಬಹುದು’ ಎನ್ನುತ್ತಾರೆ. ಹಾರಲಾಗದು. ಸ್ವಂತದ್ದಿರಲಿ ಬಾಡಿಗೆಯದಿರಲಿ, ಊರಿಂದೂರಿಗೆ ಹೋಗಲು ಹಾರಾಟ ಯೋಜನೆ ಸಲ್ಲಿಸಬೇಕು, ವಾಯು ರಕ್ಷಣೆಯವರಿಂದ ಎಡಿಸಿ ಎಂಬ ಅನುಮತಿ ಸಂಖ್ಯೆ ಬರಬೇಕು, ಹಾರಾಟ ಮಾಹಿತಿ ಕೇಂದ್ರದಿಂದ ಎಫ್‌ಐಸಿ ಸಂಖ್ಯೆ ಬರಬೇಕು, ನಿಲ್ದಾಣ ತೆರೆದಿರಬೇಕು. ‘ಜನರನ್ನು ಕೂರಿಸಿ ದುಡ್ಡು ಮಾಡಿ ಸಾಲ ತೀರಿಸುತ್ತೇನೆ’ ಎನ್ನುವವರೂ ಇದ್ದಾರೆ. ಖಾಸಗಿ ಪರವಾನಗಿಯಲ್ಲಿ ಹಣ ಪಡೆದು ಹಾರಿಸುವಂತಿಲ್ಲ. ಆ ಯೋಚನೆಯನ್ನು ಇಂದೇ ಬಿಡಿ.

ಗೆಳೆಯರು ಸೇರಿ ಪಾಲಿನಲ್ಲಿ ಕೊಳ್ಳುವುದು ಒಳ್ಳೆಯ ದಾರಿ, ಏಕೆಂದರೆ ನಾಲ್ವರು ಹಾರಿದರೆ ವಿಮಾನ ನಿಲ್ಲುವುದಿಲ್ಲ. ಆದರೆ ಆ ನಾಲ್ವರ ಗಂಟೆ ಕೂಡಿಸಿದರೆ ನೂರು ದಾಟಬೇಕು. ಮಾತು ಮತ್ತೆ ಅಲ್ಲಿಗೇ ಬರುತ್ತದೆ. ಮೊದಲು ಗಂಟೆ, ಆಮೇಲೆ ವಿಮಾನ.

ಬಾಡಿಗೆಗೆ ಹೋಗುವವರು ಕ್ಲಬ್ಬಿನಲ್ಲಿ ಇವಿಷ್ಟನ್ನು ಕೇಳಿಕೊಳ್ಳಿ. ಹೇಳಿದ ದರದಲ್ಲಿ ಇಂಧನ ಸೇರಿದೆಯೇ? ಪರವಾನಗಿದಾರರಿಗೆ ಕೊಡಲು ಎಷ್ಟು ವಿಮಾನಗಳಿವೆ, ವಿದ್ಯಾರ್ಥಿಗಳ ಪಾಳಿ ಮುಗಿದ ಮೇಲೆ ನಿಮಗೆ ಯಾವ ಹೊತ್ತು ಸಿಗುತ್ತದೆ? ನಿಮ್ಮ ಕೈಯಲ್ಲಿ ವಿಮಾನಕ್ಕೆ ಪೆಟ್ಟಾದರೆ ವಿಮೆ ಎಷ್ಟು ಕೊಡುತ್ತದೆ, ನೀವು ಎಷ್ಟು ಕೊಡಬೇಕು? ಈ ಕೊನೆಯ ಉತ್ತರವನ್ನು ಬರೆದು ಕೊಡಿ ಎಂದು ಕೇಳಿ.

ನೂರು ಗಂಟೆ ದಾಟಿ ಕೊಳ್ಳಲೇಬೇಕು ಎಂದು ನಿಂತವರು ಮುಂಗಡ ಕೊಡುವ ಮೊದಲು ಲಾಗ್ ಬುಕ್ಕಿನ ಎಲ್ಲ ಪುಟಗಳ ನಕಲು ತರಿಸಿಕೊಳ್ಳಿ, ಮಾರುವವರಿಗೆ ಸಂಬಂಧವಿಲ್ಲದ ಒಬ್ಬ ಎಂಜಿನಿಯರ್‌ನನ್ನು ಕರೆದುಕೊಂಡು ಹೋಗಿ, ಆಯಿಲ್ ಫಿಲ್ಟರ್ ಅನ್ನು ನಿಮ್ಮ ಕಣ್ಣೆದುರೇ ಕತ್ತರಿಸಲು ಹೇಳಿ. ನಮಸ್ಕಾರ.