ಪಿಟೀಲಿನ ಜಾರು ಗೋಡೆಯಾದ ಬಗೆ

ಕೇಳುಗರಿಗೆ ನಮಸ್ಕಾರ. ನವ್ಯ ಕಲೆಯ ವಿಚಾರ ಬಂದಾಗ ನಾವು ಸಂಗೀತ, ಚಿತ್ರ, ವಾಸ್ತುಶಿಲ್ಪಗಳನ್ನು ಬೇರೆ ಬೇರೆಯಾಗಿಯೇ ಚರ್ಚಿಸುತ್ತೇವೆ. ಈ ಮೂರೂ ಒಂದೇ ಸೂರಿನಡಿ ಸೇರಿದ್ದ ಕಟ್ಟಡವೊಂದರ ಬಗ್ಗೆ ಇಂದು ಹೇಳಬಯಸುತ್ತೇನೆ.

1958ರ ಬ್ರಸೆಲ್ಸ್ ವಿಶ್ವ ಪ್ರದರ್ಶನಕ್ಕಾಗಿ ಒಂದು ಮಂಟಪವನ್ನು ರೂಪಿಸಿಕೊಡುವಂತೆ ಹಾಲೆಂಡಿನ ಫಿಲಿಪ್ಸ್ ಕಂಪನಿಯು ವಾಸ್ತುಶಿಲ್ಪಿ ಲೆ ಕಾರ್ಬೂಸಿಯೆ ಅವರನ್ನು ಕೇಳಿಕೊಂಡಿತು. ಅವರು ಆಗ ನಮ್ಮ ಚಂಡೀಗಢದ ಕೆಲಸದಲ್ಲಿ ಮುಳುಗಿದ್ದರಿಂದ, ವಿನ್ಯಾಸದ ಹೊಣೆ ಬಹುಪಾಲು ಅವರ ಕಚೇರಿಯಲ್ಲಿದ್ದ ಯಾನಿಸ್ ಕ್ಸೆನಾಕಿಸ್ ಅವರ ಮೇಲೆ ಬಿತ್ತು. ಗ್ರೀಸಿನಿಂದ ತಪ್ಪಿಸಿಕೊಂಡು ಪ್ಯಾರಿಸ್ಸಿಗೆ ಬಂದಿದ್ದ ಈ ಎಂಜಿನಿಯರು ಸಂಗೀತ ರಚನಕಾರರೂ ಹೌದು. 1955ರಲ್ಲಿ ಮೊದಲು ನುಡಿಸಲಾದ ‘ಮೆಟಾಸ್ಟಾಸಿಸ್’ ಕೃತಿಯಲ್ಲಿ ಅವರು ತಂತಿವಾದ್ಯದ ಒಬ್ಬೊಬ್ಬ ಕಲಾವಿದರಿಗೂ ಬೇರೆ ಬೇರೆ ಜಾರುಗಳನ್ನು, ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಕಡಿಯದೆ ಸರಿಯುವ ನಾದಗಳನ್ನು, ಬರೆದಿದ್ದರು. ಒಂದೊಂದು ಜಾರನ್ನೂ ಗ್ರಾಫ್ ಹಾಳೆಯ ಮೇಲೆ ಎಳೆದರೆ ಅದು ನೇರ ಗೆರೆಯೇ. ಆದರೆ ಬೇರೆ ಬೇರೆ ಓರೆಯಲ್ಲಿ ಏರುವ ಆ ಗೆರೆಗಳು ಒತ್ತೊತ್ತಾಗಿ ಕೂಡಿದಾಗ ಕಣ್ಣಿಗೆ ಕಾಣುವುದು ಬಾಗಿದ ಮೈ. ಮಂಟಪದ ಗೋಡೆಗಳಿಗೆ ಅವರು ಬಳಸಿದ್ದೂ ಇದೇ ಜ್ಯಾಮಿತಿಯನ್ನು. ಸುಮಾರು 5 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ಹಲಗೆಗಳನ್ನು ಉಕ್ಕಿನ ತಂತಿಗಳಿಂದ ಬಿಗಿದು ನಿಲ್ಲಿಸಿದ್ದ ಆ ಕಟ್ಟಡದಲ್ಲಿ ಗೋಡೆ ಎಲ್ಲಿಗೆ ಮುಗಿಯಿತು, ಚಾವಣಿ ಎಲ್ಲಿಂದ ಶುರುವಾಯಿತು ಎಂದು ಗುರುತಿಸುವುದೇ ಕಷ್ಟವಾಗಿತ್ತು. ವಿನ್ಯಾಸಕಾರರಾಗಿ ಕ್ಸೆನಾಕಿಸ್ ಹೆಸರನ್ನು ಸೇರಿಸಲು ಲೆ ಕಾರ್ಬೂಸಿಯೆ ಮೊದಲು ಒಪ್ಪದೆ, ಆಮೇಲಷ್ಟೇ ಒಪ್ಪಿದರೆಂಬುದು ನನಗೆ ಇಂದಿಗೂ ಬೇಸರದ ಸಂಗತಿ.

ಒಳಗೆ ಕತ್ತಲು. ಗೋಡೆಗಳ ಉದ್ದಕ್ಕೂ ನೂರಾರು ಧ್ವನಿವರ್ಧಕಗಳು. ಒಳಗಿನ ಒಂದು ಪ್ರದರ್ಶನಕ್ಕೂ ಮುಂದಿನದಕ್ಕೂ ನಡುವಿನ ಬಿಡುವಿನಲ್ಲಿ ಕ್ಸೆನಾಕಿಸ್ ಅವರ ಕಿರುರಚನೆಯೊಂದು ಕೇಳಿಸುತ್ತಿತ್ತು. ಉರಿಯುವ ಇದ್ದಿಲಿನ ಚಟಪಟ ಸದ್ದನ್ನು ಮುದ್ರಿಸಿ, ಟೇಪನ್ನು ಚೂರುಚೂರಾಗಿ ಕತ್ತರಿಸಿ ಪದರಪದರವಾಗಿ ಜೋಡಿಸಿದ ರಚನೆ ಅದು. ಅನಂತರ ಸಂಗೀತ ರಚನಕಾರ ಎಡ್ಗಾರ್ ವಾರೇಸ್ ಅವರ ಸುಮಾರು 8 ನಿಮಿಷಗಳ ‘ಪೊಯೆಮ್ ಎಲೆಕ್ಟ್ರಾನಿಕ್’. ಗಂಟೆಯ ನಾದ, ಯಂತ್ರದ ಸದ್ದು, ಮನುಷ್ಯರ ದನಿ ಒಂದು ಧ್ವನಿವರ್ಧಕದಿಂದ ಇನ್ನೊಂದಕ್ಕೆ ಸರಿಯುತ್ತ ಜನರ ತಲೆಯ ಮೇಲೆಯೇ ಹಾದುಹೋಗುತ್ತಿದ್ದವು. ಅದೇ ಹೊತ್ತಿಗೆ ಗೋಡೆಯ ಮೇಲೆ ಲೆ ಕಾರ್ಬೂಸಿಯೆ ಆಯ್ದ ಚಿತ್ರಗಳು: ಮುಖವಾಡಗಳು, ಪ್ರಾಣಿಗಳು, ಅಣುಬಾಂಬಿನ ಮೋಡ. ಚಿತ್ರಕ್ಕೂ ಸಂಗೀತಕ್ಕೂ ಒಟ್ಟು ಅವಧಿಯ ಹೊರತು ಬೇರೆ ಹೊಂದಾಣಿಕೆಯನ್ನು ಅವರು ಬೇಕೆಂದೇ ಮಾಡಿರಲಿಲ್ಲ. ಇಲ್ಲಿ ಯಾವ ಕಲೆಯೂ ಇನ್ನೊಂದಕ್ಕೆ ಪಕ್ಕವಾದ್ಯವಾಗಲಿಲ್ಲ. ನವ್ಯದ ದೊಡ್ಡ ಧೈರ್ಯವನ್ನು ನಾನು ಕಾಣುವುದು ಇದರಲ್ಲೇ.

ಪ್ರದರ್ಶನ ಮುಗಿದ ಮೇಲೆ, 1959ರ ಆರಂಭದಲ್ಲಿ, ಮಂಟಪವನ್ನು ಕೆಡವಲಾಯಿತು. ವಾರೇಸ್ ಅವರ ಕೃತಿಯ ಧ್ವನಿಮುದ್ರಣ ಇಂದಿಗೂ ಸಿಗುತ್ತದೆ. ಆದರೆ ಆ ಗೋಡೆಗಳ ನಡುವೆ ಸದ್ದು ಸಾಗಿದ ದಾರಿಗಳೂ ಆ ರಚನೆಯ ಭಾಗವೇ ಆಗಿದ್ದರಿಂದ, ಮನೆಯ ಎರಡು ಸ್ಪೀಕರುಗಳಲ್ಲಿ ನಮಗೆ ದಕ್ಕುವುದು ಅದರ ಒಂದು ಪಾಲು ಮಾತ್ರ.