ನಾಬೋತನ ದ್ರಾಕ್ಷಿತೋಟ ಮತ್ತು ಯಾರೂ ಕಿತ್ತುಕೊಳ್ಳಲಾಗದ ಸ್ವಾಸ್ತ್ಯ

ಎಲ್ಲರಿಗೂ ನಮಸ್ಕಾರ. ಹಾಸನದ ವೀಕ್ಷಕರೊಬ್ಬರು ಕಳುಹಿಸಿದ ಪ್ರಶ್ನೆಯನ್ನು ಇಂದು ಎತ್ತಿಕೊಳ್ಳುತ್ತಿದ್ದೇನೆ. ಅವರು ಕೇಳಿರುವುದು ಇಷ್ಟು: "ವಿಶ್ವಾಸಿಗಳಿಗೆ ಪರಲೋಕದಲ್ಲಿ ಸ್ವಾಸ್ತ್ಯವಿದೆ ಎಂದು ಸಭೆಯಲ್ಲಿ ಕೇಳುತ್ತಲೇ ಇರುತ್ತೇವೆ. ಆದರೆ ನಂಬಿಕೆಯ ಕಾರಣಕ್ಕೆ ಸ್ವಂತ ಮನೆಯವರೇ ಮಾತು ಬಿಟ್ಟಾಗ, ಮುಂದೆ ಎಂದೋ ಸಿಗುವ ಆಸ್ತಿಯಿಂದ ಇವತ್ತು ನಿಲ್ಲುವ ಬಲ ಹೇಗೆ ಬರುತ್ತದೆ?" ಇದು ನೋವಿನಿಂದ ಬಂದ ಪ್ರಶ್ನೆ, ಹಾರಿಕೆಯ ಉತ್ತರ ಕೊಟ್ಟು ಮುಗಿಸುವಂಥದ್ದಲ್ಲ.

ಹಿನ್ನೆಲೆಯನ್ನು ಬೇಗನೆ ಹೇಳಿಬಿಡುತ್ತೇನೆ. ಸ್ವಾಸ್ತ್ಯ ಎಂದರೆ ಹಿರಿಯರಿಂದ ಬರುವ ಪಾಲು, ಪಿತ್ರಾರ್ಜಿತ ಆಸ್ತಿ. ಬಾಧ್ಯತೆ ಎಂಬ ಮಾತನ್ನೂ ಇಲ್ಲಿ ಅದೇ ಅರ್ಥದಲ್ಲಿ ಬಳಸುತ್ತೇನೆ. ದೇವರು ಅಬ್ರಹಾಮನ ಸಂತತಿಗೆ ದೇಶವನ್ನು ವಾಗ್ದಾನ ಮಾಡಿದನು, ಯೆಹೋಶುವನ ಕಾಲದಲ್ಲಿ ಆ ದೇಶವನ್ನು ಚೀಟು ಹಾಕಿ ಕುಲಗಳಿಗೆ ಹಂಚಲಾಯಿತು, ಹೊಸ ಒಡಂಬಡಿಕೆಯು ಕ್ರಿಸ್ತನನ್ನು ನಂಬಿದವರೆಲ್ಲರನ್ನೂ ಅವನೊಂದಿಗೆ ಬಾಧ್ಯಸ್ಥರು ಎಂದು ಕರೆಯಿತು. ಇಷ್ಟು ಬಹುತೇಕ ಎಲ್ಲರಿಗೂ ಗೊತ್ತಿದೆ. ಸ್ವಾಸ್ತ್ಯದ ವಿಷಯ ಬಂದಾಗ ನಾವು ಅಪರೂಪಕ್ಕೆ ತೆರೆಯುವ ಒಂದು ಅಧ್ಯಾಯವಿದೆ. ಅದರಲ್ಲಿ ಸ್ವಲ್ಪ ಹೊತ್ತು ಕಳೆಯೋಣ.

[ದೃಶ್ಯ: ಇಜ್ರೇಲಿನ ಕಣಿವೆ ಮತ್ತು ಸಮಾರ್ಯವನ್ನು ತೋರಿಸುವ ನಕ್ಷೆ]

ಅರಸುಗಳ ಮೊದಲನೆಯ ಪುಸ್ತಕದ 21ನೆಯ ಅಧ್ಯಾಯ. ಇಜ್ರೇಲ್ ಎಂಬ ಊರಿನಲ್ಲಿ ಇಸ್ರಾಯೇಲಿನ ಅರಸನಾದ ಅಹಾಬನ ಅರಮನೆಗೆ ಅಂಟಿಕೊಂಡೇ ನಾಬೋತ ಎಂಬವನ ದ್ರಾಕ್ಷಿತೋಟವಿತ್ತು. ಕಾಯಿಪಲ್ಲೆ ಬೆಳೆಯಲು ಆ ಜಾಗ ಬೇಕೆಂದು ಅರಸನು ಕೇಳುತ್ತಾನೆ. ಅದಕ್ಕಿಂತ ಒಳ್ಳೆಯ ತೋಟವನ್ನು ಕೊಡುತ್ತೇನೆ, ಬೇಡವಾದರೆ ಹಣ ಕೊಡುತ್ತೇನೆ ಎನ್ನುತ್ತಾನೆ. ಲೆಕ್ಕದ ದೃಷ್ಟಿಯಿಂದ ನೋಡಿದರೆ ಇದರಲ್ಲಿ ನಾಬೋತನಿಗೆ ನಷ್ಟವೇ ಇರಲಿಲ್ಲ. ಆದರೂ ಅವನು ಪಿತೃಗಳ ಸ್ವಾಸ್ತ್ಯವನ್ನು ಕೊಡಲಾರೆನೆಂದು, ಅದೂ ಯೆಹೋವನ ಹೆಸರನ್ನೆತ್ತಿ, ನಿರಾಕರಿಸುತ್ತಾನೆ. ಇದನ್ನು ಹಟವೆಂದು ಓದಿದರೆ ಕಥೆಯ ಜೀವಾಳವೇ ತಪ್ಪಿಹೋಗುತ್ತದೆ. ಯಾಜಕಕಾಂಡದ 25ನೆಯ ಅಧ್ಯಾಯದ ಪ್ರಕಾರ ಭೂಮಿಯು ದೇವರದು, ಇಸ್ರಾಯೇಲ್ಯರು ಅದರಲ್ಲಿ ಇಳಿದುಕೊಂಡಿರುವ ಪ್ರವಾಸಿಗಳು, ಆದ್ದರಿಂದ ಅದನ್ನು ಶಾಶ್ವತವಾಗಿ ಮಾರುವ ಅಧಿಕಾರ ಯಾರಿಗೂ ಇರಲಿಲ್ಲ. ಆ ತೋಟವು ತನ್ನದಷ್ಟೇ ಆಗಿದ್ದಿದ್ದರೆ ನಾಬೋತನು ಬಹುಶಃ ಮಾರಿಬಿಡುತ್ತಿದ್ದನು. ಅದು ದೇವರಿಂದ ಬಂದದ್ದೆಂಬ ತಿಳಿವಳಿಕೆಯೇ ಅರಸನ ಮುಂದೆ ಇಲ್ಲವೆನ್ನುವ ಧೈರ್ಯವನ್ನು ಅವನಿಗೆ ಕೊಟ್ಟಿತೆಂದು ನಾನು ನಂಬುತ್ತೇನೆ.

ಮುಂದೆ ನಡೆದದ್ದು ಘೋರ. ಅಹಾಬನ ಹೆಂಡತಿ ಈಜೆಬೆಲಳು ಅರಸನ ಮುದ್ರೆಯೊತ್ತಿ ಊರಿನ ಹಿರಿಯರಿಗೆ ಪತ್ರ ಕಳುಹಿಸುತ್ತಾಳೆ. ಉಪವಾಸದ ಸಭೆಯೊಂದನ್ನು ಕರೆದು, ನಾಬೋತನನ್ನು ಎಲ್ಲರ ಮುಂದೆ ಕೂರಿಸಿ, ಅವನು ದೇವರನ್ನೂ ಅರಸನನ್ನೂ ಶಪಿಸಿದನೆಂದು ಇಬ್ಬರು ದುಷ್ಟರಿಂದ ಸುಳ್ಳುಸಾಕ್ಷಿ ಹೇಳಿಸಿ, ಊರ ಹೊರಗೆ ಕಲ್ಲೆಸೆದು ಕೊಲ್ಲಿಸುತ್ತಾರೆ. ಪತ್ರ, ಮುದ್ರೆ, ಸಭೆ, ಸಾಕ್ಷಿ ಎಲ್ಲವೂ ಕ್ರಮಬದ್ಧವಾಗಿಯೇ ಇದ್ದವು. ಧರ್ಮದ ಉಡುಗೆಯೂ ಅದಕ್ಕಿತ್ತು. ಪ್ರವಾದಿಯಾದ ಎಲೀಯನು ಬಂದು ಅಹಾಬನನ್ನು ಖಂಡಿಸುತ್ತಾನೆ, ನಿಜ. ಆದರೆ ನಾಬೋತನ ಪ್ರಾಣವೂ ಮರಳಲಿಲ್ಲ, ತೋಟವೂ ಮರಳಲಿಲ್ಲ. ನಂಬಿಕೆಯಲ್ಲಿ ಸ್ಥಿರವಾಗಿ ನಿಂತವನಿಗೆ ಈ ಲೋಕದಲ್ಲಿ ಎಲ್ಲವೂ ಸರಿಹೋಗುತ್ತದೆ ಎಂದು ಸುಲಭವಾಗಿ ಬೋಧಿಸುವವರು ಈ ಅಧ್ಯಾಯಕ್ಕೆ ಉತ್ತರ ಹೇಳಬೇಕು. ಭೂಮಿಯ ಮೇಲಿರುವ ಸ್ವಾಸ್ತ್ಯವನ್ನು ಒಂದು ಮುದ್ರೆ ಮತ್ತು ಎರಡು ಸುಳ್ಳುನಾಲಿಗೆಗಳು ಕಸಿದುಕೊಳ್ಳಬಲ್ಲವು ಎಂಬುದನ್ನು ಬೈಬಲ್ ಮುಚ್ಚಿಡುವುದಿಲ್ಲ.

ಯೇಸುವಿನ ಶಿಷ್ಯನಾದ ಪೇತ್ರನ ಮೊದಲನೆಯ ಪತ್ರದ ಆರಂಭವು ಈ ಬೆಳಕಿನಲ್ಲಿ ಬೇರೆಯೇ ತೂಕವನ್ನು ಪಡೆಯುತ್ತದೆ. ಇಂದಿನ ಟರ್ಕಿಯಲ್ಲಿದ್ದ ಪೊಂತ, ಗಲಾತ್ಯ, ಕಪ್ಪದೋಕ್ಯ, ಆಸ್ಯ, ಬಿಥೂನ್ಯ ಸೀಮೆಗಳಲ್ಲಿ ಚದರಿ ಪ್ರವಾಸಿಗಳಂತೆ ಬದುಕುತ್ತಿದ್ದವರಿಗೆ, ನಾಶವಾಗದ, ಮಲಿನವಾಗದ, ಬಾಡಿಹೋಗದ ಬಾಧ್ಯತೆಯೊಂದು ಪರಲೋಕದಲ್ಲಿ ಕಾಯ್ದಿರಿಸಲ್ಪಟ್ಟಿದೆ ಎಂದು ಪೇತ್ರನು ಬರೆಯುತ್ತಾನೆ. ಅದು ಪರಲೋಕದಲ್ಲಿದೆ ಎಂದರೆ ನಮ್ಮಿಂದ ದೂರವಿದೆ ಎಂಬುದಕ್ಕಿಂತ ಹೆಚ್ಚಾಗಿ, ಈಜೆಬೆಲಳ ಪತ್ರ ತಲುಪಲಾರದ ಕಡೆಯಲ್ಲಿದೆ ಎಂದು ನಾನು ಓದಿಕೊಳ್ಳುತ್ತೇನೆ.

[ದೃಶ್ಯ: ಹೇಮಾವತಿಯ ಹಿನ್ನೀರು, ಶೆಟ್ಟಿಹಳ್ಳಿಯ ಇಗರ್ಜಿ]

ಹಾಸನದ ಬಳಿಯ ಶೆಟ್ಟಿಹಳ್ಳಿಯ ಜಪಮಾಲೆ ಮಾತೆಯ ಇಗರ್ಜಿಯನ್ನು ನೀವೆಲ್ಲರೂ ಚಿತ್ರಗಳಲ್ಲಾದರೂ ನೋಡಿರುತ್ತೀರಿ. 19ನೆಯ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ ಆ ಗಾಥಿಕ್ ಶೈಲಿಯ ಕಟ್ಟಡವು, ಹೇಮಾವತಿಗೆ ಗೊರೂರಿನಲ್ಲಿ ಅಣೆಕಟ್ಟು ಬಂದ ಮೇಲೆ ಮಳೆಗಾಲದಲ್ಲಿ ಮುಳುಗುತ್ತದೆ, ಬೇಸಿಗೆಯಲ್ಲಿ ಮೇಲೇಳುತ್ತದೆ. ಅದು ನೀರಾವರಿಗಾಗಿ ನಡೆದ ಮುಳುಗಡೆಯೇ ಹೊರತು ನಂಬಿಕೆಯ ವಿರುದ್ಧ ನಡೆದ ಹಿಂಸೆಯಲ್ಲ. ಎರಡನ್ನೂ ಬೆರೆಸಿ ಮಾತನಾಡುವುದು ಸರಿಯಲ್ಲ. ಆದರೂ ಹೊಲ, ಮನೆ, ತಲೆಮಾರುಗಳು ಪ್ರಾರ್ಥಿಸಿದ ಗುಡಿ ಎಲ್ಲವನ್ನೂ ಬಿಟ್ಟು ಬೇರೆಡೆ ನೆಲೆ ಹುಡುಕಬೇಕಾದ ಜನರು ನಮ್ಮ ಜಿಲ್ಲೆಯಲ್ಲೇ ಇದ್ದಾರೆ, ಮತ್ತು ಪೇತ್ರನ ಮಾತು ಅವರ ಕಿವಿಗೆ ಬೀಳುವಷ್ಟು ಆಳವಾಗಿ ನಮ್ಮ ಕಿವಿಗೆ ಬೀಳುವುದು ಕಷ್ಟ.

ಹಾಗಾದರೆ ವೀಕ್ಷಕರು ಕೇಳಿದ "ಎಂದೋ" ಎಂಬ ಮಾತಿಗೆ ಉತ್ತರವೇನು? ಎಫೆಸದವರಿಗೆ ಬರೆದ ಪತ್ರದ ಮೊದಲನೆಯ ಅಧ್ಯಾಯದಲ್ಲಿ ಅಪೊಸ್ತಲನಾದ ಪೌಲನು ಪವಿತ್ರಾತ್ಮನನ್ನು ಈ ಬಾಧ್ಯತೆಯ ಸಂಚಕಾರ, ಅಂದರೆ ಮುಂಗಡ, ಎಂದು ಕರೆಯುತ್ತಾನೆ. ಚಿಕ್ಕಮಗಳೂರಿನಲ್ಲಿ ಕಾಫಿ ತೋಟದ ವ್ಯವಹಾರ ಕುದುರಿದಾಗ ಕೊಳ್ಳುವವನು ಸಂಚಕಾರ ಕೊಡುತ್ತಾನೆ. ನೋಂದಣಿ ಇನ್ನೂ ಆಗಿರದಿದ್ದರೂ ಮಾತು ಅಂದಿನಿಂದಲೇ ಗಟ್ಟಿಯಾಗುತ್ತದೆ, ಕೊಟ್ಟ ಹಣ ಒಟ್ಟು ಬೆಲೆಯ ಭಾಗವೇ ಆಗಿರುತ್ತದೆ. ಇಲ್ಲಿ ಸಂಚಕಾರ ಕೊಟ್ಟವನು ದೇವರು. ಅಂದರೆ ಪ್ರಾರ್ಥಿಸುವಾಗ ಸಿಗುವ ಸಾಂತ್ವನ, ದ್ವೇಷಿಸಿದವರನ್ನು ಕ್ಷಮಿಸಲು ಬರುವ ಮನಸ್ಸು, ಇವು ಮುಂದೆ ಬರುವ ಸ್ವಾಸ್ತ್ಯದ ಮೊದಲ ಕಂತಾಗಿ ಈಗಾಗಲೇ ಕೈಸೇರಿವೆ. ನಾವು ಸ್ಥಿರವಾಗಿ ನಿಂತದ್ದಕ್ಕೆ ಬಹುಮಾನವಾಗಿ ಸ್ವಾಸ್ತ್ಯ ಸಿಗುವುದಿಲ್ಲ. ಸ್ವಾಸ್ತ್ಯ ನಮ್ಮದಾಗಿರುವುದರಿಂದಲೇ ನಿಲ್ಲಲು ಸಾಧ್ಯವಾಗುತ್ತದೆ. ಅದೇ ಪತ್ರವು ಮೊದಲನೆಯ ಅಧ್ಯಾಯದಲ್ಲಿ ಬಾಧ್ಯತೆಯನ್ನು ಹೇಳಿ, ನಿಲ್ಲಿರಿ ಎಂಬ ಆಜ್ಞೆಯನ್ನು ಆರನೆಯ ಅಧ್ಯಾಯದವರೆಗೆ ತಡೆದಿಟ್ಟಿರುವುದನ್ನು ಗಮನಿಸಿ.

ಇದು ಬರಿಯ ಬೋಧನೆಯಲ್ಲ ಎಂಬುದಕ್ಕೆ ಹೊರಗಿನವನೊಬ್ಬನ ದಾಖಲೆಯಿದೆ. ಪೇತ್ರನು ಹೆಸರಿಸಿದ ಅದೇ ಬಿಥೂನ್ಯ ಮತ್ತು ಪೊಂತ ಸೀಮೆಗಳಿಗೆ ಸುಮಾರು ಕ್ರಿ.ಶ. 112ರ ಹೊತ್ತಿಗೆ ರೋಮನ್ ಅಧಿಪತಿಯಾಗಿದ್ದ ಪ್ಲಿನಿಯು ಸಾಮ್ರಾಟ ಟ್ರಾಜನನಿಗೆ ಕ್ರೈಸ್ತರ ಬಗ್ಗೆ ಪತ್ರ ಬರೆದನು. ಶಿಕ್ಷೆಯ ಬೆದರಿಕೆಯೊಡ್ಡಿ ಮೂರು ಸಲ ಕೇಳಿದರೂ ನಾವು ಕ್ರೈಸ್ತರೇ ಎಂದವರನ್ನು ಅವನು ಮರಣಕ್ಕೆ ಒಪ್ಪಿಸುತ್ತಿದ್ದನು. ಕೆಲವರು ಕ್ರಿಸ್ತನನ್ನು ಶಪಿಸಿ ಬಿಡುಗಡೆ ಪಡೆದರು ಎಂಬುದೂ ಆ ಪತ್ರದಲ್ಲಿದೆ. ನನ್ನನ್ನು ಹಿಡಿದು ನಿಲ್ಲಿಸುವುದು ಅವನು ವಿಚಾರಣೆಯಲ್ಲಿ ಕಂಡುಕೊಂಡ ಇನ್ನೊಂದು ಸಂಗತಿ. ಅವರು ನಿಗದಿತ ದಿನದಂದು ಬೆಳಗಾಗುವ ಮೊದಲೇ ಕೂಡಿ, ಕ್ರಿಸ್ತನನ್ನು ದೇವರೆಂದು ಹಾಡಿ, ಕಳವು, ಸುಲಿಗೆ, ವ್ಯಭಿಚಾರ ಮಾಡುವುದಿಲ್ಲವೆಂದೂ, ಯಾರಾದರೂ ನಂಬಿ ಇಟ್ಟ ಹಣವನ್ನು ಕೇಳಿದಾಗ ಇಲ್ಲವೆನ್ನುವುದಿಲ್ಲವೆಂದೂ ಪ್ರತಿಜ್ಞೆ ಮಾಡುತ್ತಿದ್ದರಂತೆ. ತಮ್ಮ ಪ್ರಾಣಕ್ಕೇ ಭದ್ರತೆಯಿಲ್ಲದವರು ಇನ್ನೊಬ್ಬರ ಹಣವನ್ನು ಭದ್ರವಾಗಿ ಹಿಂದಿರುಗಿಸುವ ಮಾತು ಕೊಡುತ್ತಿದ್ದರು. ತಮ್ಮ ಸ್ವಾಸ್ತ್ಯವು ಸುರಕ್ಷಿತವಾಗಿದೆ ಎಂದು ನಂಬಿದವರ ನಡತೆ ಇದು.

ಸಮಯ ಮೀರುತ್ತಿರುವುದರಿಂದ ಉಳಿದ ವಿಷಯಗಳನ್ನು ಒಟ್ಟಿಗೆ ಹೇಳುತ್ತೇನೆ. ನಮ್ಮ ಹೋರಾಟವು ರಕ್ತಮಾಂಸಗಳ ವಿರುದ್ಧವಲ್ಲವೆಂದು ಪೌಲನು ಸ್ಪಷ್ಟವಾಗಿ ಹೇಳಿರುವಾಗ, ನೆರೆಯವನನ್ನೋ ಬಂಧುವನ್ನೋ ಶತ್ರುವಾಗಿ ಕಾಣುವ ಅನುಮತಿ ವಿಶ್ವಾಸಿಗೆ ಇಲ್ಲ. ನಿರೀಕ್ಷೆಗೆ ಕಾರಣ ಕೇಳಿದವರಿಗೆ ಸಾತ್ವಿಕತೆಯಿಂದಲೂ ಗೌರವದಿಂದಲೂ ಉತ್ತರ ಕೊಡಬೇಕೆಂದು ಪೇತ್ರನು ಹೇಳುತ್ತಾನೆ. ಏರುದನಿಯಲ್ಲಿ ವಾದ ಗೆಲ್ಲುವುದನ್ನು ಅವನು ಸ್ಥಿರತೆಯೆಂದು ಎಣಿಸಿಲ್ಲ. ಇನ್ನು ಫಿಲಿಪ್ಪಿಯವರಿಗೆ ಪೌಲನು ಒಂದೇ ಮನಸ್ಸುಳ್ಳವರಾಗಿ ನಿಲ್ಲಬೇಕೆಂದು ಬರೆದನು, ಒಬ್ಬೊಬ್ಬರೇ ನಿಲ್ಲಬೇಕೆಂದಲ್ಲ. ಪ್ರಶ್ನೆ ಕೇಳಿದ ಸಹೋದರರೇ, ನಿಮ್ಮ ಮನೆಯವರು ಮಾತು ಬಿಟ್ಟಿದ್ದರೆ ಅದನ್ನು ಒಬ್ಬರೇ ಹೊರಬೇಡಿ, ನಿಮ್ಮ ಸಭೆಯ ಹಿರಿಯರಿಗೆ ತಿಳಿಸಿ. ಮನೆಯವರೊಂದಿಗೆ ಮಾತು ನಿಲ್ಲಿಸುವವರು ನೀವಾಗಬೇಡಿ. ಸಭೆಗಳಲ್ಲಿರುವ ಉಳಿದವರಿಗೂ ಒಂದು ವಿನಂತಿ: ಹೀಗೆ ಒಂಟಿಯಾದವರು ನಿಮ್ಮ ನಡುವೆ ಇದ್ದರೆ ಈ ವಾರವೇ ಅವರ ಮನೆಗೆ ಹೋಗಿ, ಅವರೊಂದಿಗೆ ಕುಳಿತು ಊಟ ಮಾಡಿ.